ಉಟ್ಟು ಬಿಟ್ಟ ಅರಿವಿಯ ಗುಡ್ಡ

ಮಂದಿ ಉಟ್ಟು ಬಿಟ್ಟ ಅರಿವಿಯಿಂದ ಶಿಲ್ಪ ಮಾಡಿದವ ಫ್ರಾನ್ಸ್ ದೇಶದ ಕ್ರಿಸ್ಟಿಯಾನ್ ಬೋಲ್ಟಾನ್ಸ್ಕಿ. 1944ರಲ್ಲಿ ಪ್ಯಾರಿಸ್ಸಿನಾಗ ಹುಟ್ಟಿ 2021ರಲ್ಲಿ ತೀರಿಕೊಂಡ. ಹಿಟ್ಲರನ ಮಂದಿ ಯೆಹೂದಿಗಳನ್ನ ಹಿಡಕೊಂಡು ಹೋಗಿ ಕೊಲ್ಲುತ್ತಿದ್ದ ಕಾಲದಾಗ ಇವನ ಅಪ್ಪ ಮನೆಯ ನೆಲದಡಿ ಅಡಗಿ ಜೀವ ಉಳಿಸಿಕೊಂಡಿದ್ದ. ಇದು ಗೊತ್ತಿದ್ದರ ಇವನ ಕೆಲಸ ತಿಳೀತೈತಿ.

2010ರ ಚಳಿಗಾಲದಾಗ ಪ್ಯಾರಿಸ್ಸಿನ ಗ್ರಾಂ ಪಾಲೆ ಎಂಬ ಗಾಜಿನ ಮಾಡಿನ ಕಟ್ಟಡದಾಗ ‘ಪೆರ್ಸೋನ್’ ಎಂಬ ಕೃತಿ ಕಟ್ಟಿದ. ಆ ಮಾತು ಕಿವಿಗೆ ಬಿದ್ದರ ‘ಮಂದಿ’ ಅಂತಲೂ ಆಗತೈತಿ, ‘ಯಾರೂ ಇಲ್ಲ’ ಅಂತಲೂ ಆಗತೈತಿ. ಹೊಲದಾಗ ಮಡಿ ಮಾಡಿದಂಗ ನೆಲದ ತುಂಬ ಹಳೇ ಕೋಟು ಹಾಸಿದ್ದ. ಸುತ್ತ ಎದೆಬಡಿತದ ಸಪ್ಪಳ. ಆಚೆ ಗುಡ್ಡದಷ್ಟು ಅರಿವಿ. ಕ್ರೇನಿನ ಕೈ ಮ್ಯಾಲಿಂದ ಇಳಿದು ಒಂದು ಹಿಡಿ ಎತ್ತಿ ಮತ್ತ ಅಲ್ಲೇ ಕೆಡವತಿತ್ತು. ಕಟ್ಟಡ ಬೆಚ್ಚಗ ಮಾಡಬ್ಯಾಡ್ರಿ ಅಂತ ಅವನೇ ಹೇಳಿದ್ದ.

ನಾನು ನೋಡಿದ್ದು ಚಿತ್ರದಾಗ. ನಮ್ಮ ಕಡೆ ಹಳೇ ಸೀರಿ ಕೌದಿ ಆಗತಾವ. ಇದು ಅವ್ವಂದು, ಇದು ಅಜ್ಜಿದು ಅಂತ ಬೆರಳಿಟ್ಟು ಹೇಳತೀವಿ. ಆ ಗುಡ್ಡದಾಗ ಹೆಸರಿಲ್ಲ. ಹಿಂಡುಗಟ್ಟಲೆ ಕೊಂದಾಗ ಹೆಸರು ಹೇಳಾಕೂ ಯಾರೂ ಉಳಿಯೂದಿಲ್ಲ. ಅದನ್ನ ಅವ ಸರಿಯಾಗಿ ತೋರಿಸ್ಯಾನ.

ಆದರ ಕ್ರೇನು ಹೆಚ್ಚಾತು ಅನಸತೈತಿ. ಕಣ್ಣು ಯಂತ್ರದ ಬೆನ್ನು ಹತ್ತತೈತಿ. ಬೋರಲು ಬಿದ್ದ ಕೋಟಿನ ಖಾಲಿ ತೋಳೇ ಸಾಕಿತ್ತು. ದುಃಖದ ಪದಕ್ಕ ತಾಳ ಜೋರಾದರ ಮಾತು ಮುಳುಗತೈತಿ ಅನ್ನೂದು ಹಾಡುವವರಿಗೆಲ್ಲ ಗೊತ್ತು. ಮಾಸ್ತರರು ಈ ಚಿತ್ರ ಹುಡುಗರಿಗೆ ತೋರಿಸಬೇಕು. ಮೊದಲು ಕೋಟು ತೋರಿಸ್ರಿ, ಆಮ್ಯಾಲೆ ಕ್ರೇನು.