ಉರ್ದುವಿನ ತವರು ಪಂಜಾಬವೇ?

ಉರ್ದು ಹುಟ್ಟಿದ್ದು ಬ್ರಜ ಭಾಷೆಯಿಂದ ಎಂದು ಮುಹಮ್ಮದ್ ಹುಸೇನ್ ಆಜಾದ್ 1880ರಲ್ಲಿ ‘ಆಬ್-ಎ-ಹಯಾತ್’ ಗ್ರಂಥದಲ್ಲಿ ಹೇಳಿದರು. ಆ ಮಾತಿನ ಬುಡ ಅಲುಗಾಡಿಸಿದವರು ಹಾಫಿಜ್ ಮಹಮೂದ್ ಶೀರಾನಿ. 1928ರಲ್ಲಿ ಲಾಹೋರಿನಿಂದ ಹೊರಬಂದ ಅವರ ‘ಪಂಜಾಬ್ ಮೇಂ ಉರ್ದು’ ಇಟ್ಟ ವಾದ ನೇರವಾಗಿದೆ: ಘಜ್ನವಿಗಳ ಆಳ್ವಿಕೆಯಲ್ಲಿ ಲಾಹೋರಿನ ಸುತ್ತ ರೂಪುಗೊಂಡ ಮಾತೇ ಮುಂದೆ ಸೈನ್ಯ, ಸೂಫಿಗಳು, ವ್ಯಾಪಾರಿಗಳ ಜೊತೆ ದೆಹಲಿಗೆ ಹೋಯಿತು.

ಪುಸ್ತಕದ ನಿಜವಾದ ಶಕ್ತಿ ಇರುವುದು ವ್ಯಾಕರಣದಲ್ಲಿ. ಅರಬ್ಬಿ, ಪಾರಸಿ ಪದಗಳನ್ನು ಯಾವ ಭಾಷೆ ಬೇಕಾದರೂ ಕಡ ತರಬಹುದು, ಆದರೆ ಪದದ ಕೊನೆಯ ಪ್ರತ್ಯಯಗಳು ಅಷ್ಟು ಸುಲಭವಾಗಿ ಕೈ ಬದಲಾಯಿಸುವುದಿಲ್ಲ. ಬ್ರಜದಲ್ಲಿ ‘ಮೇರೋ’, ‘ಗಯೋ’. ಉರ್ದುವಿನಲ್ಲಿ ‘ಮೇರಾ’, ‘ಗಯಾ’. ಪಂಜಾಬಿಯಲ್ಲಿ ‘ಮೇರಾ’, ‘ಗಿಆ’. ಆಜಾದರ ವಾದ ಸೋಲಲು ಇಷ್ಟೇ ಸಾಕು.

ಶೀರಾನಿಯವರ ಇನ್ನೊಂದು ಸಾಕ್ಷಿ ನಮ್ಮ ಕಲಬುರಗಿ, ವಿಜಯಪುರದ ಬೀದಿಗಳಲ್ಲಿ ಇಂದಿಗೂ ಕೇಳಿಸುತ್ತದೆ. ಪುಸ್ತಕಗಳಿಗೆ ಶಿಷ್ಟ ಉರ್ದು ‘ಕಿತಾಬೇಂ’ ಎಂದರೆ, ದಕ್ಷಿಣದ ಉರ್ದುವಾದ ದಖನಿ ‘ಕಿತಾಬಾಂ’ ಎನ್ನುತ್ತದೆ; ಪಂಜಾಬಿಯೂ ಹಾಗೆಯೇ. ಹದಿನಾಲ್ಕನೆಯ ಶತಮಾನದಲ್ಲಿ ದೆಹಲಿಯ ಕಡೆಯಿಂದ ದಕ್ಷಿಣಕ್ಕೆ ಬಂದ ಜನ ತಂದ ಹಳೆಯ ರೂಪಗಳನ್ನು ದಖನಿ ಬಿಡದೆ ಉಳಿಸಿಕೊಂಡಿದೆ.

ಆದರೆ ಹೋಲಿಕೆಯಿಂದ ಹುಟ್ಟು ಸಾಬೀತಾಗುವುದಿಲ್ಲ. ಶೀರಾನಿ ಎಡವುವುದು ಇಲ್ಲಿಯೇ. ದಖನಿಯಲ್ಲಿ ‘ಘರಾಂ’ ಎಂದರೆ ಮನೆಗಳು. ಪಂಜಾಬಿಯಲ್ಲಿ ಕರ್ತೃಪದವಾಗಿ ನಿಂತಾಗ ‘ಘರ್’ ಬಹುವಚನದಲ್ಲೂ ‘ಘರ್’ ಆಗಿಯೇ ಉಳಿಯುತ್ತದೆ. ದಖನಿಯ ಇಂಥ ಲಕ್ಷಣಗಳನ್ನು ದೆಹಲಿಗೆ ಅಂಟಿಕೊಂಡ ಹರಿಯಾಣದ ಮಾತಿನಿಂದಲೇ ವಿವರಿಸಬಹುದೆಂದು ಭಾಷಾವಿಜ್ಞಾನಿ ಮಸೂದ್ ಹುಸೇನ್ ಖಾನ್ ಮುಂದೆ ವಾದಿಸಿದರು. ಅದೇ ಹೆಚ್ಚು ಒಪ್ಪುವ ಮಾತು. ಲಾಹೋರಿನ ಕವಿ ಮಸೂದ್ ಸಾದ್ ಸಲ್ಮಾನ್‌ಗೆ ಅಂದಿನ ದೇಶಭಾಷೆಯಾದ ಹಿಂದವಿಯಲ್ಲಿ ಒಂದು ದಿವಾನ್ (ಕವನ ಸಂಕಲನ) ಇತ್ತೆಂದು ಅಮೀರ್ ಖುಸ್ರೋ ಹೇಳಿದ್ದಾರೆ, ನಿಜ. ಅದರ ಒಂದು ಸಾಲೂ ಇಂದು ಉಳಿದಿಲ್ಲ. ಸಿಗದ ಕೃತಿಯ ಮೇಲೆ ಶೀರಾನಿ ತಮ್ಮ ವಾದದ ಇಷ್ಟು ಭಾರ ಹೊರಿಸಬಾರದಿತ್ತು.

ಇನ್ನೂ ನೋವಾಗುವುದು ಈ ವಾದದಲ್ಲಿ ಪಂಜಾಬಿಗೆ ಸಿಕ್ಕ ಸ್ಥಾನ ಕಂಡು. 1849ರಲ್ಲಿ ಬ್ರಿಟಿಷರು ಪಂಜಾಬನ್ನು ವಶಪಡಿಸಿಕೊಂಡ ಮೇಲೆ ಅಲ್ಲಿನ ಶಾಲೆ, ಕಚೇರಿಗಳಿಗೆ ಉರ್ದು ಬಂತು. ಪಂಜಾಬಿ ಮನೆಮಾತಾಗಿ ಹಿಂದೆ ಉಳಿಯಿತು. ಬಾಬಾ ಫರೀದ್, ಬುಲ್ಲೇ ಶಾಹ್, ವಾರಿಸ್ ಶಾಹ್ ಬೆಳೆಸಿದ ಭಾಷೆಯದು. ಅದನ್ನು ಉರ್ದುವಿನ ಮೂಲವೆಂದಷ್ಟೇ ಗೌರವಿಸಿದರೆ ಸಾಲದು.

ದಖನಿಯನ್ನು ಅಭ್ಯಾಸ ಮಾಡುವ ನಮ್ಮ ತರುಣರು ಶೀರಾನಿಯವರ ತೀರ್ಮಾನವನ್ನು ಬದಿಗಿಟ್ಟು, ಅವರು ಕೂಡಿಹಾಕಿದ ಉದಾಹರಣೆಗಳನ್ನು ಒಂದೊಂದಾಗಿ ಓದಬೇಕು.