ವಿಭಾಗಪತ್ರಗಳಲ್ಲಿ ಪಾಕವಿಚಾರ

ಪೂರ್ವಕಾಲದ ಕುಟುಂಬಗಳ ಆಹಾರಪದ್ಧತಿಯನ್ನು ಅರಿಯಲು ಗೃಹವಸ್ತುಗಳ ಪಟ್ಟಿಗಳೂ ಮರಣಶಾಸನಗಳೂ ಉತ್ತಮ ಸಾಧನಗಳೆಂಬ ಮತವು ಪಾಶ್ಚಾತ್ಯ ಇತಿಹಾಸಜ್ಞರಲ್ಲಿ ಪ್ರಚಲಿತವಾಗಿದೆ. ಇಂಗ್ಲೆಂಡಿನ ಮಟ್ಟಿಗೆ ಇದಕ್ಕೆ ಆಧಾರವುಂಟು. ಎಂಟನೆಯ ಹೆನ್ರಿಯ ಆಳಿಕೆಯಲ್ಲಿ, 1529ರಲ್ಲಿ ಆದ ಶಾಸನವು ಮೃತನ ಚರಸ್ವತ್ತಿನ ಪಟ್ಟಿಯನ್ನು ಕನಿಷ್ಠ ಪಕ್ಷ ಇಬ್ಬರ ಸಮಕ್ಷಮದಲ್ಲಿ ಬರೆಯಿಸಬೇಕೆಂದು ವಿಧಿಸಿತು. ಆದುದರಿಂದ ಅಲ್ಲಿಯ ಸಾಮಾನ್ಯ ರೈತನ ಹಿತ್ತಾಳೆಯ ಪಾತ್ರೆ, ಕಣಜದ ಧಾನ್ಯ, ಉಪ್ಪು ಹಾಕಿ ಕಾಪಿಟ್ಟ ಮಾಂಸ ಇವೆಲ್ಲ ಬೆಲೆಸಹಿತವಾಗಿ ದಾಖಲಾದುವು. ಈ ಕ್ರಮವನ್ನೇ ಕನ್ನಡನಾಡಿನ ಪತ್ರಗಳಿಗೂ ಹಾಗೆಯೇ ಅನ್ವಯಿಸಬಹುದೆ ಎಂಬುದು ವಿಚಾರಾರ್ಹವಾಗಿದೆ.

ನಮ್ಮ ಧರ್ಮಶಾಸ್ತ್ರಗಳಲ್ಲಿ ಮರಣಶಾಸನಕ್ಕೆ ಸ್ಥಾನವಿಲ್ಲ. ಹಿಂದೂಗಳ ಉಯಿಲುಗಳನ್ನು ಕುರಿತ ಕಾಯಿದೆಯು ಹುಟ್ಟಿದುದು 1870ರಲ್ಲಿ; ಅದೂ ಬಂಗಾಳದ ಕೆಳಪ್ರಾಂತಗಳಿಗೂ ಮದರಾಸು, ಮುಂಬಯಿ ಪಟ್ಟಣಗಳಿಗೂ ಮಾತ್ರ. ಹೀಗಿರಲು ಇಲ್ಲಿ ಪರಿಶೀಲಿಸತಕ್ಕುದು ಮುಖ್ಯವಾಗಿ ವಿಭಾಗಪತ್ರವೇ.

ವಿಭಾಗಪತ್ರದ ಮೌನಕ್ಕೆ ಶಾಸ್ತ್ರವೇ ಒಂದು ಕಾರಣ. ಮನುವು ಅವಿಭಾಜ್ಯವಾದ ವಸ್ತುಗಳನ್ನು ಎಣಿಸುವಲ್ಲಿ ವಸ್ತ್ರಾಭರಣಗಳೊಡನೆ ಕೃತಾನ್ನವನ್ನೂ ಉದಕವನ್ನೂ ಹೇಳಿರುವನು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076-1126) ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ಇದನ್ನು ವಿವರಿಸುತ್ತ, ಸಿದ್ಧಾನ್ನವನ್ನು ಹಂಚದೆ ಯಥೋಚಿತವಾಗಿ ಭುಜಿಸಬೇಕೆಂದೂ, ಬಾವಿಯ ನೀರನ್ನು ಸರದಿಯಂತೆ ಬಳಸಬೇಕೆಂದೂ ನಿರ್ಣಯಿಸಿರುವನು. ಪಾಲಿಗೆ ಬಾರದುದು ಪತ್ರಕ್ಕೂ ಬಾರದು. ಇನ್ನು ಪಾಲಿಗೆ ಬರುವುವು ತಾಮ್ರದ ಹಂಡೆ, ಕೊಪ್ಪರಿಗೆ, ಕಂಚಿನ ಬಟ್ಟಲು ಮೊದಲಾದ ತೂಕವುಳ್ಳ ಲೋಹಗಳು. ನಿತ್ಯದ ಅಡಿಗೆಯು ನಡೆಯುತ್ತಿದ್ದ ಮಡಕೆ ಕುಡಿಕೆಗಳೂ, ಹಿಟ್ಟು ತೊಳಸುವ ಕೋಲೂ ಬೆಲೆಯಿಲ್ಲದುದರಿಂದ ಬಿಟ್ಟುಹೋಗುವುವು. ಪಟ್ಟಿಯನ್ನೇ ನಂಬಿದವನಿಗೆ ಹಬ್ಬದ ಅಡಿಗೆಯು ಕಾಣುವುದೇ ಹೊರತು ದಿನದ ಊಟವು ಕಾಣದು.

ಆದರೂ ಈ ಪತ್ರಗಳು ನಿರುಪಯುಕ್ತವೆಂದು ಹೇಳಲಾಗದು. ನಾರದನು ವಿಭಕ್ತರಾದವರ ಲಕ್ಷಣಗಳಲ್ಲಿ ಪ್ರತ್ಯೇಕ ಪಾಕವನ್ನೂ ಪರಿಗಣಿಸಿರುವನು. ಒಂದೇ ಪಾಕದಲ್ಲಿ ಬಾಳುವವರಿಗೆ ಪಿತೃದೇವಪೂಜೆಯು ಒಂದೇ, ಬೇರೆಯಾದವರಿಗೆ ಮನೆಮನೆಗೂ ಬೇರೆ, ಎಂಬುದು ಬೃಹಸ್ಪತಿಯ ಮತ. ಒಲೆ ಬೇರೆಯಾಯಿತೆಂಬ ಲೋಕದ ಮಾತು ಇದನ್ನೇ ಅನುಸರಿಸಿದೆ. ಆದುದರಿಂದ ಯಾವ ಕಾಲದಲ್ಲಿ ಎಷ್ಟು ಒಲೆಗಳಾದುವೆಂಬುದನ್ನು ಪತ್ರದಿಂದ ಊಹಿಸಬಹುದು. ಆ ಒಲೆಗಳ ಮೇಲೆ ಏನು ಬೆಂದಿತೆಂಬುದನ್ನು ಊಹಿಸಲಾಗದು.

ಇದಕ್ಕೆ ಒಂದು ಅಪವಾದವುಂಟು. ವಿಮರ್ಶಕರು ಅದನ್ನು ವಿಶೇಷವಾಗಿ ಗಮನಿಸತಕ್ಕುದು. ಅವಿಭಕ್ತನಾಗಿಯೇ ಮೃತನಾದವನ ವಿಧವೆಗೆ ಮಿತಾಕ್ಷರೆಯ ಮೇರೆಗೆ ಪಾಲಿಲ್ಲ, ಗ್ರಾಸಾಚ್ಛಾದನ ಮಾತ್ರ. ಅಂಧರು, ಪಂಗುಗಳು ಮೊದಲಾದ ಅನಂಶರಿಗೂ ಹೀಗೆಯೇ ಪೋಷಣೆಯು ವಿಹಿತವಾಗಿದೆ. ಮೈಸೂರಿನಲ್ಲಿ 1933ರ, ಬ್ರಿಟಿಷ್ ಇಂಡಿಯದಲ್ಲಿ 1937ರ ಕಾಯಿದೆಗಳು ವಿಧವೆಯರ ಸ್ಥಿತಿಯನ್ನು ಮಾರ್ಪಡಿಸುವವರೆಗೂ ಈ ನಿಯಮವು ಬಲವಾಗಿದ್ದಿತು. ಪಾಲುಳ್ಳವನು ಏನನ್ನು ಉಂಡನೆಂದು ಬರೆಯುವ ಅಗತ್ಯವಿಲ್ಲ. ಪಾಲಿಲ್ಲದವಳಿಗಾದರೋ ವರ್ಷಕ್ಕೆ ಇಂತಿಷ್ಟು ಧಾನ್ಯವೆಂದು ಬರೆಯದಿದ್ದರೆ ಅದರ ಪ್ರಮಾಣವು ಅನಿಶ್ಚಿತವಾಗಿಯೇ ಉಳಿಯುವುದು. ಆದುದರಿಂದ ಅನ್ನದ ಪ್ರಮಾಣವು ದೊರೆಯುವೆಡೆಯು ಅನಂಶರ ಪ್ರಕರಣವೇ. ಆದರೆ ಆ ಪ್ರಮಾಣವು ಕುಟುಂಬವು ಕೊಡಲು ಒಪ್ಪಿದ ಕನಿಷ್ಠವೇ ಹೊರತು ಮನೆಯವರೆಲ್ಲರ ಊಟದ ಅಳತೆಯಲ್ಲ. ಇವೆರಡನ್ನು ಒಂದೆಂದು ಗಣಿಸಿದರೆ ಆಕೆಯ ಕೊರತೆಯು ಮನೆಯ ಪದ್ಧತಿಯೆಂದು ಪರಿಣಮಿಸುವುದು.

ಪಾಕದ ಸ್ವರೂಪಕ್ಕಾಗಿ ಬೇರೆ ಗ್ರಂಥಗಳನ್ನು ಆಶ್ರಯಿಸಬೇಕು. 1025ರ ಲೋಕೋಪಕಾರದಲ್ಲಿ ಚಾವುಂಡರಾಯನು ಉದ್ದಿನ ಇಡ್ಡಲಿಗೆಯ ಕ್ರಮವನ್ನು ಹೇಳಿರುವನು. ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು ಸುಮಾರು 1130ರ ಮಾನಸೋಲ್ಲಾಸದಲ್ಲಿ ಅನ್ನಭೋಗವನ್ನು ವಿಸ್ತರಿಸಿರುವನು. ತಂದೆಯ ಕಾಲದ ವ್ಯವಹಾರಗ್ರಂಥವು ಹಂಚಲಾಗದೆಂದು ಬಿಟ್ಟ ಅನ್ನವನ್ನು ಮಗನ ಗ್ರಂಥವು ವರ್ಣಿಸಿರುವುದು ಗಮನಾರ್ಹ. ಆದರೆ ಅದು ಅರಮನೆಯ ಹರಿವಾಣ, ಒಕ್ಕಲುಮನೆಯದಲ್ಲ.

ಆದುದರಿಂದ ಪಾತ್ರೆಗೆ ಪತ್ರವೂ, ಪಾಕಕ್ಕೆ ಸೂಪಶಾಸ್ತ್ರವೂ, ಹಕ್ಕಿಗೆ ಧರ್ಮಶಾಸ್ತ್ರವೂ ಪ್ರಮಾಣ. ಒಂದರ ವಿಷಯದಲ್ಲಿ ಮತ್ತೊಂದನ್ನು ಸಾಕ್ಷಿಗೆ ಕರೆಯುವಾಗ ಅದರ ಮೌನವನ್ನು ಅಭಾವವೆಂದು ಎಣಿಸಕೂಡದು.