ಒದ್ದೆಯಾಗದ ಮಣ್ಣು: ಜಾನ್ ಮ್ಯಾಕ್‌ಫೀ ಅವರ ಬೆಟ್ಟದ ಕಥನ

ಜಾನ್ ಮ್ಯಾಕ್‌ಫೀ ಅವರ ‘ದಿ ಕಂಟ್ರೋಲ್ ಆಫ್ ನೇಚರ್’ (1989) ಕೃತಿಯ ಮೂರು ದೀರ್ಘ ಪ್ರಬಂಧಗಳಲ್ಲಿ ಕೊನೆಯದು ‘ಲಾಸ್ ಏಂಜಲಿಸ್ ಅಗೇನ್‌ಸ್ಟ್ ದಿ ಮೌಂಟನ್ಸ್’. ಕ್ಯಾಲಿಫೋರ್ನಿಯಾದ ಸ್ಯಾನ್ ಗೇಬ್ರಿಯಲ್ ಬೆಟ್ಟಗಳಿಂದ ಧುಮ್ಮಿಕ್ಕುವ ಕಲ್ಲುಮಣ್ಣಿನ ಪ್ರವಾಹವೂ ಅದನ್ನು ಹಿಡಿದು ನಿಲ್ಲಿಸಲು ಆಡಳಿತ ತೋಡಿಸಿದ ಕೊಳಗಳೂ ಅದರ ವಸ್ತು. ಪರಿಸರ ಬರಹವೆಂದು ಪ್ರಸಿದ್ಧವಾದ ಈ ಪ್ರಬಂಧವನ್ನು ವಿಪತ್ತಿನ ಕಥನವೆಂದು ಓದುವುದು ಹೆಚ್ಚು ಫಲಕಾರಿ. ಅದರ ಶಕ್ತಿ, ಮಿತಿ ಎರಡೂ ಕಥನಕ್ರಮದಿಂದಲೇ ಬಂದಿವೆ.

1978ರ ಫೆಬ್ರವರಿಯ ಒಂದು ರಾತ್ರಿ ಮನೆಯೊಳಗೆ ಕೆಸರು ಏರುತ್ತಿದ್ದಂತೆ ಮಂಚದ ಮೇಲೆ ಒತ್ತಾಗಿ ನಿಂತ ಕುಟುಂಬವೊಂದರ ಅನುಭವದಿಂದ ಪ್ರಬಂಧ ತೆರೆದುಕೊಳ್ಳುತ್ತದೆ. ಬದುಕುಳಿದವರ ಮಾತನ್ನು ಮ್ಯಾಕ್‌ಫೀ ಸಂಗ್ರಹಿಸಿರುವ ಬಗೆ ನಮ್ಮ ಕ್ಷೇತ್ರಕಾರ್ಯಕ್ಕೂ ಮಾದರಿಯಾಗಬಲ್ಲದು. ಅನಂತರ ಕಾರಣದ ವಿವರಣೆ ಬರುತ್ತದೆ: ಚಾಪರಲ್ ಎಂಬ ಕುರುಚಲು ಕಾಡು ಉರಿದಾಗ ತರಗೆಲೆಗಳ ಮೇಣದಂಥ ಅಂಶ ಆವಿಯಾಗಿ, ಕೆಳಗಿನ ತಣ್ಣನೆಯ ಮಣ್ಣಿನಲ್ಲಿ ಮತ್ತೆ ಗಟ್ಟಿಯಾಗಿ, ನೀರು ಇಳಿಯದ ಪದರವಾಗುತ್ತದೆ. ಇದಕ್ಕೆ 1960ರ ದಶಕದಲ್ಲಿ ಲಿಯೊನಾರ್ಡ್ ಡೆಬಾನೊ ಮತ್ತು ಸಂಗಡಿಗರು ನಡೆಸಿದ ಶೋಧನೆಗಳ ಆಧಾರವಿದೆ. ಮಣ್ಣು ಸುಮಾರು 175ರಿಂದ 200 ಡಿಗ್ರಿ ಸೆಲ್ಸಿಯಸ್ ಕಾದಾಗ ಜಲವಿಕರ್ಷಣೆ ತೀವ್ರವಾಗುತ್ತದೆ. 280 ಡಿಗ್ರಿ ದಾಟಿದರೆ ಅಳಿಯತೊಡಗುತ್ತದೆ.

ಆದರೆ ಈ ವಿವರಣೆ ನೀರಿನ ದಾರಿಯನ್ನು ಹೇಳುತ್ತದೆಯೇ ಹೊರತು ಮಣ್ಣಿನ ಬಲವನ್ನಲ್ಲ. ಕಣಗಳ ನಡುವೆ ನೀರೂ ಗಾಳಿಯೂ ಕೂಡಿರುವ ಅಪರ್ಯಾಪ್ತ ಮರಳನ್ನು ಹಿಡಿದಿಡುವುದು ಅಲ್ಪ ತೇವವೇ. ಎರಡು ಕಣಗಳು ತಾಗುವಲ್ಲಿ ನೀರು ಒಳಬಾಗಿದ ಸೇತುವೆಯಾಗಿ ನಿಂತು ಅವುಗಳನ್ನು ಪರಸ್ಪರ ಸೆಳೆಯುತ್ತದೆ. ಮಕ್ಕಳು ಕಟ್ಟುವ ಮರಳಗೂಡು ನಿಲ್ಲುವುದು ಇದರಿಂದ. ಈ ಸೆಳೆತವನ್ನು ಮಣ್ಣಿನ ಬಲದ ಲೆಕ್ಕಕ್ಕೆ ತಂದ ಬಿಷಪ್ ಅವರ 1959ರ ಸೂತ್ರ, ನೀರು ಕಣಕ್ಕೆ ಅಂಟುತ್ತದೆ ಎಂಬ ಗ್ರಹಿಕೆಯ ಮೇಲೆಯೇ ನಿಂತಿದೆ. ಕಣದ ಮೈಗೆ ಮೇಣ ಹತ್ತಿದರೆ ಆ ಗ್ರಹಿಕೆ ಸಡಿಲುತ್ತದೆ. ಕನ್ನಡಿಗರಿಗೆ ಕೆಸುವಿನೆಲೆಯ ಮೇಲಣ ನೀರು ಪರಿಚಿತ ನುಡಿಗಟ್ಟು. ಶಾಸ್ತ್ರ ಅದನ್ನೇ ಸಂಪರ್ಕ ಕೋನವೆಂದು ಅಳೆಯುತ್ತದೆ. ಈ ಕೋನ 90 ಡಿಗ್ರಿಯ ಹತ್ತಿರ ಬಂದಂತೆ ಸೇತುವೆಯ ಬಾಗು ಸಪಾಟಾಗಿ ಸೆಳೆತ ಕ್ಷೀಣಿಸುತ್ತದೆ. ಆಗ ತೇವವಿದ್ದೂ ಮಣ್ಣು ಒಣಮರಳಿನಂತೆ ವರ್ತಿಸುತ್ತದೆ; ಕಣಗಳ ಘರ್ಷಣೆಯೊಂದೇ ಅದಕ್ಕೆ ಆಸರೆ. ಮಳೆಯಿಲ್ಲದ ದಿನಗಳಲ್ಲೂ ಸುಟ್ಟ ಇಳಿಜಾರು ಉದುರುವುದನ್ನು ಮ್ಯಾಕ್‌ಫೀ ದಾಖಲಿಸಿದ್ದಾರೆ. ಗಿಡಗಳ ತಡೆ ಉರಿದುಹೋಗುವುದೇ ಅದಕ್ಕೆ ಮುಖ್ಯ ಕಾರಣವಾದರೂ, ಕಣಗಳು ಪರಸ್ಪರ ಬಂಧ ಕಳೆದುಕೊಳ್ಳುವ ಈ ಅಂಶ ಅವರ ವಿವರಣೆಯೊಳಗೆ ಬರುವುದಿಲ್ಲ.

ಪದರವೆಂಬ ರೂಪಕವೂ ಪ್ರಶ್ನಾರ್ಹವೇ. ಓದುಗರ ಮನಸ್ಸಿನಲ್ಲಿ ಅದು ಬೆಟ್ಟದುದ್ದಕ್ಕೂ ಹಾಸಿದ ಮೇಣಬಟ್ಟೆಯಾಗುತ್ತದೆ. ವಾಸ್ತವದಲ್ಲಿ ಜಲವಿಕರ್ಷಣೆ ತೇಪೆತೇಪೆಯಾಗಿರುತ್ತದೆ. ಮಣ್ಣಿನ ಮೇಲಿಟ್ಟ ಹನಿ 5 ಸೆಕೆಂಡಿಗಿಂತ ಹೆಚ್ಚು ಹೊತ್ತು ಇಂಗದೆ ನಿಂತರೆ ಆ ಮಣ್ಣು ಜಲವಿಕರ್ಷಕವೆಂದು ಎಣಿಕೆ. ಈ ಸರಳ ಪರೀಕ್ಷೆಯಲ್ಲಿ ಒಂದು ಗೇಣಿನ ಅಂತರದಲ್ಲೇ ಫಲ ಬದಲಾಗಬಹುದು. ದೀರ್ಘಕಾಲ ತೇವವಾಗಿದ್ದ ಮಣ್ಣಿನಲ್ಲಿ ಗುಣ ಕುಗ್ಗುತ್ತದೆ, ಒಣಗಿದಾಗ ಮರಳುತ್ತದೆ. ಬೆಂಕಿ ತಾಗದ ಚಾಪರಲ್ ಮಣ್ಣಿನಲ್ಲೂ ಅದು ಇರುತ್ತದೆ. ಬೆಂಕಿ, ಮಳೆ, ಪ್ರವಾಹ ಎಂಬ ಮೂರು ಹೆಜ್ಜೆಯ ಕಥೆಗೆ ಈ ತೊಡಕುಗಳು ಒಗ್ಗುವುದಿಲ್ಲ. ಕಥೆಗಾರರು ಅವನ್ನು ಬಿಟ್ಟಿದ್ದಾರೆ.

ನಗರದ ಮರೆವನ್ನು ಕುರಿತ ಭಾಗ ನನಗೆ ಪ್ರಬಂಧದ ತಿರುಳಾಗಿ ಕಾಣುತ್ತದೆ. ಪ್ರವಾಹಗಳ ನಡುವಿನ ಅಂತರ ದೀರ್ಘ, ಮನೆಗಳ ಒಡೆಯರು ಬದಲಾಗುತ್ತಲೇ ಇರುತ್ತಾರೆ. ಹೊಸಬರಿಗೆ ತಿಳುವಳಿಕೆ ದಾಟುವುದಿಲ್ಲ. ಯುರೋಪಿನ ಹುಲ್ಲುಗಾವಲುಗಳ ‘ಯಕ್ಷಿಣಿಯರ ವೃತ್ತ’ವನ್ನು ಇಲ್ಲಿ ನೆನೆಯಬಹುದು. ಹುಲ್ಲು ಉಂಗುರಾಕಾರವಾಗಿ ಸಾಯುವ ನೆಲದಲ್ಲಿ ಯಕ್ಷಿಣಿಯರು ಕುಣಿಯುತ್ತಾರೆ, ಒಳಗೆ ಕಾಲಿಡಬಾರದು ಎಂಬುದು ಅಲ್ಲಿನ ನಂಬಿಕೆ. ಅಣಬೆಯ ಬೇರೆಳೆಗಳು ಅಂಥ ಮಣ್ಣನ್ನು ನೀರು ಇಂಗದಂತೆ ಮಾಡುತ್ತವೆ ಎಂಬುದನ್ನು ಕೊಲರಾಡೊದಲ್ಲಿ ಶಾಂಟ್ಜ್ ಮತ್ತು ಪೀಮೈಸೆಲ್ 1917ರಲ್ಲಿ ವಿವರಿಸಿದರು. ಜನರು ಕೊಟ್ಟ ಕಾರಣ ಬೇರೆ, ಆದರೆ ಗುರುತಿಸಿದ ಜಾಗ ನಿಖರ. ನಿಷೇಧವೇ ತಲೆಮಾರುಗಳಿಗೆ ಆ ಗುರುತನ್ನು ಕಾಯ್ದುಕೊಟ್ಟಿತು. ಬೆಟ್ಟದಡಿಯ ಬಡಾವಣೆಗಳಲ್ಲಿ ಇಂಥ ಸಾಧನ ಏಕೆ ಬೆಳೆಯಲಿಲ್ಲ ಎಂಬುದನ್ನು ಮ್ಯಾಕ್‌ಫೀ ಕೇಳುವುದಿಲ್ಲ. ಜನರ ಮೊಂಡುತನಕ್ಕೆ ಬೆರಗುಪಟ್ಟು ಮುಂದೆ ಸಾಗುತ್ತಾರೆ.

ಶೀರ್ಷಿಕೆಯ ‘ಅಗೇನ್‌ಸ್ಟ್’ ಎಂಬ ಪದ ನಗರವನ್ನೂ ಬೆಟ್ಟವನ್ನೂ ಎದುರಾಳಿಗಳನ್ನಾಗಿ ನಿಲ್ಲಿಸುತ್ತದೆ. 2017ರ ಡಿಸೆಂಬರ್‌ನಲ್ಲಿ ಹೊತ್ತಿದ ಥಾಮಸ್ ಕಾಳ್ಗಿಚ್ಚಿನ ಬೆನ್ನಲ್ಲೇ, 2018ರ ಜನವರಿ 9ರಂದು ಮಾಂಟೆಸಿಟೊದಲ್ಲಿ ಪ್ರವಾಹ 23 ಜನರನ್ನು ಬಲಿ ತೆಗೆದುಕೊಂಡಿತು. ಕೆಲವೇ ನಿಮಿಷಗಳ ಬಿರುಮಳೆಯ ನೀರು ಇಂಗದೆ ಮೇಲ್ಮೈಯಲ್ಲೇ ಹರಿದು, ಬಂಧವಿಲ್ಲದ ಕಣಗಳನ್ನೂ ಹಳ್ಳಗಳಲ್ಲಿದ್ದ ಬಂಡೆಗಳನ್ನೂ ಎತ್ತಿಕೊಂಡು ಊರಿಗೆ ಇಳಿದಿತ್ತು.